ವಿಕ್ಸಮ್ಮಿನಲ್ಲಿ ಹಾಕಿದ ಅವರೆ

ಆಗ ನನಗೆ ಮೂವತ್ತೆಂಟು. ಐವತ್ತು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರಿಗೆ ಅಮೆರಿಕದ ಸೌತ್‌ಫೀಲ್ಡಿನಲ್ಲಿ ಆಫೀಸು. ಅಗ್ಗಕ್ಕೆ ಸಿಕ್ಕಿತೆಂದು ವಿಕ್ಸಮ್ ಹತ್ತಿರ ಐದು ಎಕರೆ ಜಮೀನು, ಒಂದು ಹಳೇ ಮನೆ ಕೊಂಡರು. ಕೊಂಡವರು ಅವರು, ದುಡಿದವಳು ನಾನು.

ಬೇಸಿಗೆಯುದ್ದಕ್ಕೂ ಬದನೆ, ಟೊಮೇಟೊ, ಮೆಣಸಿನಕಾಯಿ ಬೆಳೆದು ರಸ್ತೆ ಬದಿಯಲ್ಲಿ ಮೇಜು ಹಾಕಿ ಮಾರುತ್ತಿದ್ದೆ. ಸೆಪ್ಟೆಂಬರ್ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಆ ವರ್ಷ ಮನೆ ಹಿಂದಿನ ತುಂಡಿನಲ್ಲಿ ಮೈಸೂರಿನಿಂದ ತಂದ ಅವರೆ ಬೀಜವನ್ನೆಲ್ಲ ಹಾಕಿದ್ದೆ. ಪಕ್ಕದ ಜಮೀನಿನ ಮುದುಕ ಮುಸುಕಿನ ಜೋಳ ಬೆಳೆಯಲು ಆ ತುಂಡನ್ನು ಕೇಳುತ್ತಲೇ ಇದ್ದ. ಈ ಸಲ ಅವರೆ ಬರದಿದ್ದರೆ ಅವನಿಗೇ ಕೊಡುವುದೆಂದು ಯಜಮಾನರು ಹೇಳಿದ್ದರು. ನಾನೂ ಒಪ್ಪಿದ್ದೆ. ಆದರೂ ಅಷ್ಟು ನೆಲದಲ್ಲಿ ನಮ್ಮ ಬಾಯಿಗೆ ಬೇಕಾದ್ದು ಬೆಳೆಯಬೇಕೆಂಬ ಹಟ.

ಬಳ್ಳಿ ಆಳೆತ್ತರ ಹಬ್ಬಿತು. ಹೂವೇ ಇಲ್ಲ.

"ಏನೇ, ಎಲೆ ಸಾರು ಮಾಡ್ತೀಯಾ?" ಎಂದು ಯಜಮಾನರು ದಿನಾ ಕುಟುಕುತ್ತಿದ್ದರು.

"ಸುಮ್ನಿರ್ರೀ. ಚಳಿ ಬೀಳ್ಲಿ ಅಂತ ಕಾಯ್ತಿದೆ. ನಿಮ್ಮಮ್ಮ ಬೇಸಿಗೇಲಿ ಅವರೆ ಬಡಿಸಿದ್ರಾ ನಿಮ್ಗೆ?"

ಊರಲ್ಲಿ ಚಳಿ ಬಿದ್ದರೇ ಅವರೆ. ಇಲ್ಲೂ ಹಾಗೇ ಎಂದುಕೊಂಡಿದ್ದೆ. ಇಲ್ಲಿಯ ಚಳಿಯನ್ನು ಐದು ವರ್ಷ ಕಂಡಿದ್ದರೂ ಅದು ಗಿಡವನ್ನೇ ಕೊಲ್ಲುತ್ತದೆಂಬುದು ತಲೆಗೆ ಹೋಗಿರಲಿಲ್ಲ. ಹಗಲು ಕುಗ್ಗಿತು, ಮೇಪಲ್ ಮರದ ಎಲೆ ಕೆಂಪಾಯಿತು, ಆಗ ಹೂ ಬಿಟ್ಟಿತು. ಅಕ್ಟೋಬರಿನಲ್ಲಿ ಚಪ್ಪಟೆ ಕಾಯಿ, ಒಳಗೆ ಕಾಳಿಲ್ಲ. ಅಷ್ಟರಲ್ಲಿ ರೇಡಿಯೋದವನು ರಾತ್ರಿ ಇಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟಿಗೆ, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ, ಇಳಿದು ಇಬ್ಬನಿಯೆಲ್ಲ ಹೆಪ್ಪುಗಟ್ಟುತ್ತದೆ ಎಂದ.

"ಇರೋದನ್ನ ಕಿತ್ಕೊಂಡು ಪಲ್ಯ ಮಾಡೇ," ಎಂದರು ಯಜಮಾನರು.

"ನಾನು ಇಷ್ಟು ಸತ್ತಿದ್ದು ಪಲ್ಯಕ್ಕಲ್ಲ. ಹೊದಿಕೆ ತನ್ನಿ."

"ಅವರೆಗೆ ಹೊದಿಸಿ ನಾವೇನು ಹೊದ್ಕೊಳ್ಳೋದು?"

"ಕೋಟ್ ಹಾಕ್ಕೊಂಡು ಮಲ್ಕೊಳ್ಳಿ."

ಗೊಣಗಿಕೊಂಡೇ ತಂದರು. ಕತ್ತಲಾಗುವುದರೊಳಗೆ ರಗ್ಗು, ಬೆಡ್‌ಶೀಟು, ನನ್ನ ಹಳೇ ಸೀರೆ, ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಬಳ್ಳಿಗೆ ಹೊದಿಸಿದೆವು.

ಮರುದಿನ ಬೆಳಿಗ್ಗೆ ಒಂದೊಂದೇ ಎತ್ತಿ ನೋಡಿದೆ. ಬಟ್ಟೆ ಹಲಗೆಯ ಹಾಗೆ ಸೆಟೆದಿತ್ತು. ಎಲೆ ಬೆಂದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿತ್ತು. ಕಾಯಿ ಒತ್ತಿದರೆ ನೀರು. ಮುಂದಿನ ವರ್ಷದ ಬೀಜಕ್ಕೆಂದು ಒಂದೂ ಬಲಿತಿರಲಿಲ್ಲ. ಅಳು ಬರಲಿಲ್ಲ, ಅಳುವಷ್ಟು ತ್ರಾಣವೂ ಇರಲಿಲ್ಲ. ಯಜಮಾನರು ಏಳುವ ಮೊದಲೇ ರಬ್ಬರ್ ಬೂಟಿನಲ್ಲೇ ನಡೆದುಹೋಗಿ ಮುದುಕನ ಬಾಗಿಲು ತಟ್ಟಿದೆ. ಬರುತ್ತಿದ್ದ ನಾಲ್ಕು ಮಾತು ಇಂಗ್ಲಿಷಿನಲ್ಲಿ, ಆ ತುಂಡು ನಿನ್ನದು, ಬರುವ ವರ್ಷ ಜೋಳ ಹಾಕಿಕೋ ಎಂದು ಹೇಳಿ ಬಂದೆ.