ಬಾಯಮ್ಮನ ಜಪಕ್ಕೆ ಉತ್ತರ ಕೊಟ್ಟವರು

ದೆವ್ವ, ಪ್ರೇತ, ಸತ್ತವರು ಕೊಡುವ ಸೂಚನೆ ಇಂಥವುಗಳಲ್ಲಿ ನನಗೆ ಹಿಂದೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಈಗ ಇದೆಯೇ ಎಂದು ಕೇಳಿದರೆ ಅದಕ್ಕೂ ಹೌದು ಎನ್ನಲಾರೆ. ಯಾರಾದರೂ ಇಂಥ ಕಥೆ ಶುರು ಮಾಡಿದರೆ, "ಅವತ್ತು ಎಷ್ಟು ಹಾಕಿದ್ರಿ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುವವನು ನಾನು. ನನ್ನದೇ ಕಥೆ ಹೇಳುವ ಸರದಿ ಬಂದಾಗ ನೀವೂ ಅದನ್ನೇ ಕೇಳಿದರೆ ಬೇಸರವಿಲ್ಲ. ಅವತ್ತು ಕುಡಿದದ್ದು ಒಂದು ಲೋಟ ಚಹಾ ಮಾತ್ರ.

ನಾನು ಉಡುಪಿ ಕಡೆಯವನು. ಬಹ್ರೈನಿನಲ್ಲಿ ನನ್ನ ಕಸುಬು ಎಸಿ ರಿಪೇರಿ. ಮೊದಲು ಅಸ್ಕರಿನ ಒಂದು ಕಾರ್ಖಾನೆಯಲ್ಲಿ ಬೆವರು ಸುರಿಸಿದೆ, ಆಮೇಲೆ ಉಮ್ ಅಲ್ ಹಸ್ಸಮಿನಲ್ಲಿ ಗೆಳೆಯನೊಬ್ಬನ ಜೊತೆ ಸಣ್ಣ ಅಂಗಡಿ ಹಾಕಿದೆ. ಎಸಿ ರಿಪೇರಿಯವನ ಮಾತು ನಂಬಿ ಎಂದರೆ ನಿಮಗೆ ನಗು ಬರಬಹುದು. ಗ್ಯಾಸ್ ಖಾಲಿಯಾಗಿದೆ ಎಂದು ಹೇಳಿ ಜೇಬಿಗೆ ಕತ್ತರಿ ಹಾಕುವವರು ನಮ್ಮಲ್ಲಿ ಇದ್ದಾರೆ, ಇಲ್ಲವೆಂದಲ್ಲ. ಆದರೆ ಶಬ್ದದ ವಿಷಯದಲ್ಲಿ ನನ್ನ ಕಿವಿಯನ್ನು ನೀವು ನಂಬಬಹುದು. ಬೇರಿಂಗ್ ಸವೆದ ಶಬ್ದ ಬೇರೆ, ಬ್ಲೋವರ್ ಎಲ್ಲೋ ತಾಗುವ ಶಬ್ದ ಬೇರೆ, ಪೈಪಿನಲ್ಲಿ ನೀರು ನಿಂತ ಶಬ್ದವೇ ಬೇರೆ. ಎಷ್ಟೋ ಸಲ ಮೆಟ್ಟಿಲು ಹತ್ತುವಾಗಲೇ ಕಾಯಿಲೆ ಏನೆಂದು ಹೇಳಿಬಿಡುತ್ತಿದ್ದೆ.

ಮೊಬೈಲ್ ಬಂದಿತ್ತು, ವಾಟ್ಸಪ್ ಇನ್ನೂ ಬಂದಿರಲಿಲ್ಲ, ಅಂಥ ಕಾಲ. ಬಿರುಬಿಸಿಲಿನ ಒಂದು ದಿನ ವಾಲ್ಟರ್ ಫೋನ್ ಮಾಡಿದ. ವಾಲ್ಟರ್ ಮಂಗಳೂರಿನ ಕ್ಯಾಥೊಲಿಕ್ ಹುಡುಗ, ಆಫೀಸಿನಲ್ಲಿ ಕೆಲಸ, ರಿಫಾದಲ್ಲಿ ಫ್ಲ್ಯಾಟು. ಹೆಂಡತಿ ಐರಿನ್. ಅವಳ ತಾಯಿ ಆಗ ವಿಸಿಟ್ ವೀಸಾದಲ್ಲಿ ಬಂದು ಅವರ ಜೊತೆಯಲ್ಲಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನಾನು ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದೆ.

"ಅತ್ತೆಯ ರೂಮಿನ ಎಸಿಯಲ್ಲಿ ಎಂತದೋ ಶಬ್ದ ಅಂತೆ ಮಾರಾಯ. ಸಂಜೆಗೆ ಮಾತ್ರ ಅಂತೆ. ನೀನು ಆ ಹೊತ್ತಿಗೇ ಬರ್ಬೇಕಂತೆ" ಎಂದ ವಾಲ್ಟರ್. ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದ. ಐರಿನ್‌ಳ ಅಣ್ಣ ಫಾದರ್ ಲೂವಿಸ್ ಕೊಲೆಯಾಗಿದ್ದರು.

ಫಾದರ್ ಇದ್ದದ್ದು ನಮ್ಮ ದೇಶದ ಈಶಾನ್ಯದ ಗಡಿಯ ಗುಡ್ಡಗಳಲ್ಲಿ. ಅಲ್ಲಿ ಎರಡು ಜನಾಂಗದವರಿಗೆ ಒಂದೇ ನೆಲದ ಮೇಲೆ ಹಠ. ಇದು ನಮ್ಮ ನಾಡು ಎಂದು ಇವರು, ನಮ್ಮದು ಎಂದು ಅವರು, ಇಬ್ಬರ ಕೈಯಲ್ಲೂ ಬಂದೂಕು. ಫಾದರ್ ಎರಡೂ ಕಡೆಯ ಮಕ್ಕಳನ್ನು ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂರಿಸಿದ್ದರು. ಯಾರ ಬಾವುಟವನ್ನೂ ಶಾಲೆಯ ಮೇಲೆ ಹಾರಿಸಲು ಬಿಡಲಿಲ್ಲ. ಇದರಿಂದ ಇಬ್ಬರ ಕಣ್ಣೂ ಕೆಂಪಾಗಿತ್ತು. ಒಂದು ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಅವರಿಗೆ ಗುಂಡು ಹೊಡೆದರು. ಹೊಡೆದದ್ದು ಅವರು ಎಂದು ಇವರು ಹೇಳಿದರು, ಇವರು ಎಂದು ಅವರು. ಇವತ್ತಿಗೂ ಅಷ್ಟೇ.

ಬಾಯಮ್ಮನಿಗೆ ಇದು ಗೊತ್ತಿರಲಿಲ್ಲ. ಸ್ವಲ್ಪ ಸಮಯದ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದರು, ಆಘಾತವಾಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಊರಿಗೆ ಕರೆದುಕೊಂಡು ಹೋಗಿ, ಬಂಧುಗಳ ಮಧ್ಯೆ ಕೂರಿಸಿ ಮೆಲ್ಲಗೆ ಹೇಳುವುದೆಂದು ಮಗಳು ಅಳಿಯ ನಿಶ್ಚಯಿಸಿದ್ದರು. "ನೀನು ಬಾಯಿ ಬಿಡ್ಬೇಡ" ಎಂದ ವಾಲ್ಟರ್. ನಾನು ಬರುವುದು ಎಸಿ ನೋಡಲಿಕ್ಕೆ, ಊರ ಸುದ್ದಿ ಹೇಳಲಿಕ್ಕಲ್ಲ ಎಂದೆ.

ನಾನು ಹೋದಾಗ ವಾಲ್ಟರ್ ಆಫೀಸಿನಿಂದ ಬಂದಿರಲಿಲ್ಲ. ಬಾಗಿಲು ತೆರೆದ ಐರಿನ್‌ಳ ಕಣ್ಣು ಊದಿಕೊಂಡಿತ್ತು. ತನಗೆ ಶೀತವಾಗಿದೆ ಎಂದು ತಾಯಿಗೆ ಹೇಳಿಕೊಂಡು ತಿರುಗುತ್ತಿದ್ದಳಂತೆ. ಸುದ್ದಿ ಬಂದ ಮೇಲೆ ಸಂಜೆಯ ಪ್ರಾರ್ಥನೆಗೆ ತಾಯಿಯ ಜೊತೆ ಕೂರುವುದನ್ನೂ ಬಿಟ್ಟಿದ್ದಳು. ಕೂತರೆ ಅಳು ಬರುತ್ತದೆ, ಅದಕ್ಕೇ ಆ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ ಎಂದು ಪಿಸುಗುಟ್ಟಿದಳು. ನನಗೆ ಚಹಾ ಕೊಟ್ಟು ತಾಯಿಯ ಕೋಣೆ ತೋರಿಸಿದಳು.

ಬಾಯಮ್ಮ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಬಿಳಿ ನಿಲುವಂಗಿ ತೊಟ್ಟ ಮಗನ ಫೋಟೋ. ಫಾದರನ್ನು ನಾನು ಕಂಡದ್ದು ಆ ಫೋಟೋದಲ್ಲಿ ಮಾತ್ರ. "ಬಾ ಪುತಾ" ಎಂದರು. ಕೊಂಕಣಿಯಲ್ಲಿ ಮಗನನ್ನು ಕರೆಯುವ ಹಾಗೆ ಅವರು ನನ್ನನ್ನೂ ಕರೆಯುತ್ತಿದ್ದರು. ನಾನು ಎಸಿ ಹಾಕಿ ನೋಡಿದೆ, ಮುಚ್ಚಳ ಬಿಚ್ಚಿ ನೋಡಿದೆ. ಒಂದು ದೋಷವೂ ಇಲ್ಲ.

"ಎಂತದೂ ಇಲ್ಲ ಬಾಯಮ್ಮ. ಹೊಸ ಮದುಮಗಳ ಹಾಗೆ ಸುಮ್ಮನೆ ಉಂಟು" ಎಂದೆ.

"ಈಗ ಅಲ್ಲ. ನಾನು ತೇರ್ಸ್ ಶುರು ಮಾಡಿದ ಮೇಲೆ."

ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಒಬ್ಬರು ಪ್ರತಿಯೊಂದು ಜಪದ ಮೊದಲ ಅರ್ಧ ಹೇಳುತ್ತಾರೆ, ಉಳಿದವರು ಎರಡನೆಯ ಅರ್ಧದಿಂದ ಉತ್ತರ ಕೊಡುತ್ತಾರೆ. ಊರಿನಲ್ಲಿ ಪಕ್ಕದ ಮನೆಯಿಂದ ದಿನವೂ ಕೇಳಿ ಬೆಳೆದವನು ನಾನು. ಹಾಗಾದರೆ ಶುರು ಮಾಡಿ ಎಂದು ಹೇಳಿ, ಬ್ಲೋವರನ್ನು ಕೈಯಲ್ಲಿ ತಿರುಗಿಸಿ ನೋಡಲು ಎಸಿಯ ಮೇನ್ ಸ್ವಿಚ್ಚನ್ನೇ ಆರಿಸಿ ಸ್ಟೂಲು ಹತ್ತಿದೆ. ಗಲ್ಫಿನ ಬೇಸಿಗೆಯಲ್ಲಿ ಎಸಿ ನಿಂತ ಕೋಣೆ ಎಷ್ಟು ನಿಶ್ಶಬ್ದ ಎಂಬುದು ನಮ್ಮಂಥ ರಿಪೇರಿಯವರಿಗೆ ಮಾತ್ರ ಗೊತ್ತು. ಮಸೀದಿಯಿಂದ ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಆಗಲೇ ಮುಗಿದಿತ್ತು.

ಬಾಯಮ್ಮ ಮೊದಲ ಅರ್ಧ ಹೇಳಿದರು. ಗಂಡಸಿನ ದನಿಯೊಂದು ಉತ್ತರ ಕೊಟ್ಟಿತು.

ನನಗೆ ಏನೂ ಅನಿಸಲಿಲ್ಲ. ವಾಲ್ಟರ್ ಬಂದಿರಬೇಕು ಎಂದುಕೊಂಡೆ. ಅವರು ಹೇಳುತ್ತ ಹೋದರು, ದನಿ ಉತ್ತರ ಕೊಡುತ್ತ ಹೋಯಿತು. ಸ್ವಲ್ಪ ಗಡಿಬಿಡಿಯ ದನಿ, ಕೊನೆಯ ಪದಗಳನ್ನು ನುಂಗುತ್ತಿತ್ತು. ಏನಪ್ಪಾ ಅವಸರ ಇವನಿಗೆ ಎಂದು ನಗುತ್ತ ತಿರುಗಿ ನೋಡಿದೆ. ಕೋಣೆಯಲ್ಲಿ ಬಾಯಮ್ಮ ಒಬ್ಬರೇ. ಬಾಗಿಲು ಮುಚ್ಚಿತ್ತು. ಅವರು ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು, ಉತ್ತರ ಇನ್ನೂ ಕೇಳುತ್ತಲೇ ಇತ್ತು. ಅವರ ಕಾಲಿನ ಬಳಿಯಿಂದ, ಯಾರೋ ನೆಲದ ಮೇಲೆ ಕೂತು ಹೇಳುವ ಹಾಗೆ. ಆಮೇಲೆ ನಿಂತಿತು. ನಾನು ಸ್ಟೂಲಿನಿಂದ ಇಳಿದುಬಿಟ್ಟೆ.

"ಎಸಿಯದ್ದಾ ಪುತಾ?" ಎಂದು ಕೇಳಿದರು ಬಾಯಮ್ಮ.

ಅಷ್ಟರಲ್ಲಿ ಐರಿನ್ ಖಾಲಿ ಲೋಟ ತೆಗೆದುಕೊಂಡು ಹೋಗಲು ಬಾಗಿಲು ತೆರೆದು ನಿಂತಿದ್ದಳು. ಪ್ರಶ್ನೆ ಅವಳಿಗೂ ಕೇಳಿತು. ಹೌದು ಅನ್ನಿ ಎಂದು ಕಣ್ಣಿನಲ್ಲೇ ಅಂಗಲಾಚಿದಳು. ಬೇರಿಂಗ್ ಹೋಗಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಹೆಂಗಸು ಏನು ಕೇಳುತ್ತಿದ್ದಾರೆ ಎಂಬುದು ನನಗೆ ಆಗ ಚೆನ್ನಾಗಿ ಅರ್ಥವಾಗಿತ್ತು. ಅವರು ನನ್ನನ್ನು ಕರೆಸಿದ್ದೇ ಅದಕ್ಕೆ.

"ಬಾಯಮ್ಮ, ಎಸಿ ಬಂದ್ ಉಂಟು" ಎಂದೆ.

ಅವರು ತಲೆಯಾಡಿಸಿದರು. "ನನಗೂ ಹಾಗೇ ಕಂಡದ್ದು. ಪಾದ್ರಿ ಆದ ಮೇಲೆ ಅವ ಮನೆಗೆ ಬಂದ್ರೆ ತೇರ್ಸ್ ಶುರು ಮಾಡುದು ಅವನೇ, ಉತ್ತರ ಕೊಡುದು ನಾವು. ಈಗ ಕೆಲವು ದಿನದಿಂದ ನಾನು ಶುರು ಮಾಡ್ತೇನೆ, ಅವ ಉತ್ತರ ಕೊಡ್ತಾನೆ. ಸಣ್ಣದಿರುವಾಗ ಹಸಿವಾಗಿ ಗಡಿಬಿಡಿ ಮಾಡ್ತಿದ್ದನಲ್ಲ, ಹಾಗೇ." ಆಮೇಲೆ ಮಗಳ ಕಡೆ ತಿರುಗಿದರು. "ಐರಿನ್, ಯಾವಾಗ ಆದದ್ದು?"

ಐರಿನ್ ಓಡಿಬಂದು ತಾಯಿಯ ಮಡಿಲಿನಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಳು, ಅಳುತ್ತಲೇ ಎಲ್ಲ ಹೇಳಿದಳು. ನಾನು ಆಂಬುಲೆನ್ಸಿಗೆ ಫೋನ್ ಮಾಡಲು ಮೊಬೈಲ್ ಕೈಯಲ್ಲಿ ಹಿಡಿದು ನಿಂತಿದ್ದೆ. ಅದರ ಅಗತ್ಯ ಬೀಳಲಿಲ್ಲ. ಬಾಯಮ್ಮ ಮಗಳ ತಲೆ ಸವರುತ್ತ ಒಂದೇ ಪ್ರಶ್ನೆ ಕೇಳಿದರು. "ಮಣ್ಣು ಮಾಡಿದ್ದು ಯಾವ ಕಡೆಯವರು?"

"ಎರಡೂ ಕಡೆಯವರು, ಮಮ್ಮಾ. ಪೆಟ್ಟಿಗೆ ಹೊತ್ತದ್ದು ಶಾಲೆಯ ಮಕ್ಕಳ ಅಪ್ಪಂದಿರು."

ಬಾಯಮ್ಮ ಆಗ ಅತ್ತರು. ತುಂಬ ಹೊತ್ತು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಜಪವನ್ನು ಅದು ನಿಂತಿದ್ದಲ್ಲಿಂದ ಮುಂದುವರಿಸಿದರು. ಮೊದಲ ಅರ್ಧ ಹೇಳಿ ಮಣಿಯ ಮೇಲೆ ಬೆರಳಿಟ್ಟು ಕಾದರು. ನಾವು ಮೂವರೂ ಕಿವಿಗೊಟ್ಟು ಕಾದೆವು. ಉತ್ತರ ಬರಲಿಲ್ಲ. ಕೊನೆಗೆ ಐರಿನ್ ಉತ್ತರ ಕೊಟ್ಟಳು.

ಮರುದಿನ ಹೋಗಿ ನನಗೆ ತೋಚಿದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಪಕ್ಕದ ಫ್ಲ್ಯಾಟಿನವರು ರಜೆಗೆ ಊರಿಗೆ ಹೋಗಿದ್ದರು. ಕೆಳಗಿನ ಮನೆಯಲ್ಲಿ ಪಠಾಣರು, ಅವರಿಗೆ ಕೊಂಕಣಿಯ ತೇರ್ಸ್ ಎಲ್ಲಿಂದ ಬರಬೇಕು? ಗೋಡೆಯಲ್ಲಿ ಪೈಪಿನ ತೂತಿತ್ತು, ಅದರಿಂದ ದನಿ ಬರುವುದಾದರೆ ಮೇಲಿನಿಂದ ಬರಬೇಕು, ನೆಲದಿಂದಲ್ಲ. ಅಳುವ ಮನೆಯಲ್ಲಿ ಕಿವಿ ಮೋಸಹೋಗುತ್ತದೆ ಎಂದು ಅಂಗಡಿಯ ಗೆಳೆಯ ಹೇಳಿದ. ನಾನು ಕೇಳಿದಾಗ ಯಾರೂ ಅಳುತ್ತಿರಲಿಲ್ಲ. ನಾನಂತೂ ನಗುತ್ತಿದ್ದೆ.

ಬಾಯಮ್ಮ ಊರಿಗೆ ಹೊರಡುವ ಮುಂಚೆ ನೋಡಲು ಹೋದೆ. ಸೊರಗಿದ್ದರು, ಆದರೆ ಗಟ್ಟಿಯಾಗಿದ್ದರು. ನನ್ನ ಕೈ ಹಿಡಿದು, "ನೀನು ಬಂದು ಹೋದ ಮೇಲೆ ಶಬ್ದ ಇಲ್ಲ ಪುತಾ. ಸರಿ ಮಾಡಿಬಿಟ್ಟೆ" ಎಂದರು. ಉಪಕಾರ ನೆನೆಯುತ್ತಿದ್ದಾರೆ ಎಂದುಕೊಂಡು ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಬಿಡಲಿಲ್ಲ.

"ಪುನಃ ಹಾಳು ಮಾಡ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದರು.