ಸನ್ಮಾನದ ಜೊತೆ ಪಿಡಿಎಫ್

“ಅಕ್ಕಾರ ಪುಸ್ತಕಾ ಯಾರೂ ಕೊಳ್ಳೂದು ಬ್ಯಾಡ್ರಿ. ನಾನ ಎಲ್ಲಾ ಹಾಳಿ ಫೋಟೋ ತಗದು, ಪಿಡಿಎಫ್ ಮಾಡಿ ನಮ್ಮ ಗ್ರೂಪಿಗೆ ಹಾಕೇನಿ!” ಮುರಗೋಡದ ಓದುಗರ ಬಳಗದ ಅಧ್ಯಕ್ಷರು ನನಗೆ ಶಾಲು ಹೊದಿಸಿದ ಮರುಕ್ಷಣವೇ ಮೈಕಿನಲ್ಲಿ ಹೀಗೆ ಸಾರಿದರು. ಸಭೆ ಚಪ್ಪಾಳೆ ತಟ್ಟಿತು. ಅದು ನನ್ನ ಮೊದಲ ಕಥಾಸಂಕಲನಕ್ಕೆ ಸಿಕ್ಕ ಸನ್ಮಾನ. ಮಾರಲೆಂದು ಬೈಲಹೊಂಗಲದಿಂದ ಬಸ್ಸಿನಲ್ಲಿ ಹೊತ್ತು ತಂದ ಪುಸ್ತಕದ ಗಂಟು ಬಾಗಿಲ ಬಳಿ ಬಿಚ್ಚದೇ ಕೂತಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದು, “ಹಿಂಗ ಹಂಚೂದು ಕಾಯ್ದೆ ಪ್ರಕಾರ ತಪ್ಪರಿ. ಈ ಪುಸ್ತಕಾ ಖರ್ಚಾಗಲಿಲ್ಲಂದ್ರ ಪ್ರಕಾಶಕರು ಇನ್ನೊಂದು ತರೂದಿಲ್ಲ” ಎಂದೆ. ಅವರ ಮುಖ ಸಣ್ಣದಾಯಿತು.

“ನಾ ಏನ್ ಮಾರಕೊಂಡೇನೇನ್ರಿ ಅಕ್ಕಾರ? ಪುಕ್ಕಟ ಕೊಟ್ಟೇನಿ. ನಿಮ್ಮ ಹೆಸರು ನಾಲ್ಕ ಮಂದಿಗೆ ಗೊತ್ತಾಗ್ಲಿ ಅಂತ ಕುಂತು ಒಂದೊಂದ ಹಾಳಿ ತಗದೇನಿ!”

ಪುಕ್ಕಟೆ ಕೊಟ್ಟರೂ ತಪ್ಪೇ ಎಂದು ತಿಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕೊನೆಗೆ ಅವರು ಒಪ್ಪಿ, ನನ್ನೆದುರೇ ಫೈಲ್ ಅಳಿಸಿ, ಯಾರೂ ಅದನ್ನು ಮುಂದೆ ಕಳಿಸಬೇಡಿ ಎಂದು ಗ್ರೂಪಿನಲ್ಲಿ ಬರೆದರು. ಕೂಡಲೇ ಸವದತ್ತಿಯ ಒಬ್ಬರು, “ಯಾವ ಪುಸ್ತಕರಿ? ನಂಗ ಸಿಕ್ಕೇ ಇಲ್ಲ” ಎಂದು ಕೇಳಿದರು. ಅದರ ಬೆನ್ನಿಗೇ ಇನ್ಯಾರೋ ಪಿಡಿಎಫ್ ಮತ್ತೆ ಹಾಕಿಯೂಬಿಟ್ಟರು.

ಈಗ ಯಾರಾದರೂ “ನಿಮ್ಮ ಕಥಿ ಭಾಳ ಚಲೋ ಅದಾವರಿ” ಎಂದರೆ, ಕೊಂಡು ಓದಿದಿರೋ ಮೊಬೈಲಿನಲ್ಲೋ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬರುತ್ತದೆ. ಕೇಳುವುದಿಲ್ಲ. ಒಳಗೊಳಗೇ ಹಲ್ಲು ಕಡಿಯುತ್ತ ಕೈಮುಗಿಯುತ್ತೇನೆ.