ಆಳೆತ್ತರದ ಸಾಸಿವೆ

ಕಳೆದ ವಾರ ಗೋಕಾಕದ ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಚೀಲವೊಂದು ಒಡೆದು ನೀರಿಗೆ ಬಿದ್ದಿತ್ತು. ಮೂಗಿಗೆ ಹೊಡೆಯುವ ಆ ಘಾಟಿಗೆ, ಕುಲಗೋಡದ ನಮ್ಮ ಬಾಜೂ ಹೊಲದ ಕಾಕಾ ನೆನಪಾದರು.

ಕಾಕಾ ಮತ್ತು ಅವರ ಅಣ್ಣ ಕಬ್ಬಿನ ರೈತರು. ವರ್ಷವಿಡೀ ನೀರು ಹಾಯಿಸಿ ತಗ್ಗಿನ ಒಂದು ಎಕರೆ ಉಪ್ಪೇರಿ ಸವುಳಾಗತೊಡಗಿತ್ತು. ಅಲ್ಲಿ ಹಿಂಗಾರಿಗೆ ಸಾಸಿವೆ ಬಿತ್ತಿ ಮಣ್ಣಿಗೆ ಬಿಡುವು ಕೊಡಬೇಕೆಂಬುದು ಕಾಕಾರ ಹಟ. ಅಣ್ಣ ಒಪ್ಪಿದ್ದು ಒಂದೇ ಹಂಗಾಮಿಗೆ. ಕಾಳು ಚೆನ್ನಾಗಿ ಬಂದರೆ ಆ ಎಕರೆ ಕಾಕಾರ ಮಾತಿನಂತೆ. ಇಲ್ಲದಿದ್ದರೆ ಮತ್ತೆ ಕಬ್ಬು.

ಸಾಸಿವೆ ಚೆನ್ನಾಗಿಯೇ ಹುಟ್ಟಿತು. ಆದರೆ ನಮ್ಮ ಕಡೆ ಬೆಳೆಯನ್ನು ಅಳೆಯುವುದು ಎಲೆಯ ಬಣ್ಣದಿಂದ. ಕಬ್ಬು ಕರ್ರಗೆ ಕಂಡರೆ ರೈತ ಗೆದ್ದಂತೆ. ಸಾಸಿವೆ ತುಸು ತಿಳಿಹಸಿರಾಗಿ ಕಂಡಿದ್ದೇ ತಡ, ಕಾಕಾ ಯೂರಿಯಾ ಎರಚಿದರು. ಹೂ ಬಿಡುವಾಗ ಮತ್ತೊಮ್ಮೆ ಗೊಬ್ಬರದ ಬುಟ್ಟಿ ಎತ್ತಿದರು.

"ಸಾಕ ಮಾಡ್ರಿ, ಅದೇನ ಕಬ್ಬನ್ರಿ?" ಎಂದರು ಅವರ ಹೆಂಡತಿ ಕಾಕೂ.

"ನೀ ಸುಮ್ನಿರ. ಹೊಟ್ಟಿ ತುಂಬ ಉಂಡಾವ್ರು ಯಾರರ ಸೊರಗತಾರೇನ?"

ಗಿಡ ಆಳೆತ್ತರ ಬೆಳೆಯಿತು. ಗೋಕಾಕ ಬಸ್ಸಿನವರು ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಬದುವಿನ ಮೇಲೆ ನಿಂತ ಕಾಕಾರ ಮುಖ... ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಗೊಬ್ಬರವೆಲ್ಲ ಎಲೆಗೂ ಕಾಂಡಕ್ಕೂ ಹೋಗಿತ್ತು. ಮೆತ್ತಗಿನ ಗಿಡ ಒಂದು ಗಾಳಿಗೆ ಮಲಗಿತು. ಎಳೆ ಟೊಂಗೆಗಳಿಗೆ ಗಿಡಹೇನು ಮುತ್ತಿತು. ಉಳಿದವರ ಸಾಸಿವೆ ಮಾಗಿ ಒಣಗಿದಾಗಲೂ ಇದು ಹಸಿರಾಗಿಯೇ ಇತ್ತು. ಕೊನೆಗೆ ತಾಡಪತ್ರಿ ಹಾಸಿ ಬಡಿದಾಗ ಅಣ್ಣ ಒಂದು ಹಿಡಿ ಎತ್ತಿ ಊದಿದರು. ಹೊಟ್ಟು ಹಾರಿತು, ಅಂಗೈಯಲ್ಲಿ ಉಳಿದದ್ದು ನಾಲ್ಕಾರು ಸೊರಗಿದ ಕಾಳು.

"ತಮ್ಮಾ, ಒಲಿಗೆ ಕಟಗಿ ಚೊಲೋ ಬೆಳದಿ ನೋಡ."

"ಗೊಬ್ಬರ ಹೆಚ್ಚಾತಣ್ಣಾ. ಇನ್ನೊಂದ ಹಂಗಾಮ ಕೊಡು."

"ಮಾತಾಗಿದ್ದು ಒಂದಕ್ಕ. ಖರೆ ಹೌದಿಲ್ಲೋ?"

"ಖರೆ," ಎಂದರು ಕಾಕಾ. ಅಲ್ಲಿಗೆ ಮುಗಿಯಿತು. ಮುಂದೆ ಆ ಎಕರೆಗೆ ಕಬ್ಬು ನಾಟಿ ಮಾಡಿದವರೂ ಅವರೇ.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣು ಮಾಡಿ ಬಂದು ಅಂಗಳದಲ್ಲಿ ಕುಳಿತ ಹಿರಿಯರೊಬ್ಬರು, "ಸಾಸಿವಿ ಬೆಳದ್ರ ಅಂವಾ ಬೆಳೀಬೇಕ ನೋಡ್ರಿ. ಏನ್ ಎತ್ತರ, ಏನ್ ಬಣ್ಣ!" ಎಂದರು. ಎಲ್ಲರೂ ಹೌದೆಂದರು. ಕಾಳಿನ ಮಾತು ಯಾರೂ ಎತ್ತಲಿಲ್ಲ. ಕಾಕಾ ಇದ್ದಿದ್ದರೆ ತಾವೇ ಎತ್ತಿ ನಗುತ್ತಿದ್ದರೇನೋ...

ಈಗ ಆ ಎಕರೆಯ ಮೇಲೆ ಬೆಳ್ಳಗೆ ಉಪ್ಪು ಕಾಣುತ್ತದೆ. ಕಬ್ಬೂ ಏಳುವುದಿಲ್ಲ.